ಮುಷ್ಟಿ ಬಿಚ್ಚೋದು ಕಲಿ, ದೋಸ್ತ

ದೋಸ್ತ,

ಬೆನ್ನಿಗೆ ಎಂಜಿನ್ ಹೊತ್ತು ಬಟ್ಟಿ ರೆಕ್ಕಿ ಕೆಳಗ ಹಾರೋ ಪ್ಯಾರಾಮೋಟರಿಂದು ನೀ ಕಳಿಸಿದ ವಿಡಿಯೋ ಮೂರು ಸಲ ನೋಡೇನಿ. ಹನ್ನೊಂದನೇ ಸೆಕೆಂಡಿಗೆ ನಿಲ್ಲಿಸಿ ನಿನ್ನ ಬಲಗೈ ನೋಡಕೊ. ವಿಂಗ್, ಅಂದ್ರ ಆ ರೆಕ್ಕಿ, ಇನ್ನೂ ನಿನ್ನ ಹಿಂದ ಅರ್ಧಾನ ಎದ್ದೈತಿ, ಅದರ ಎಡಗಡೆ ತುದಿ ನೆಲಾನ ಬಿಟ್ಟಿಲ್ಲ, ಅಷ್ಟರಾಗ ನೀ ಎಂಜಿನ್ ಜೋರು ಮಾಡೋ ಥ್ರಾಟಲ್ ಪೂರಾ ಒತ್ತಿಬಿಟ್ಟಿದ್ದಿ. ಎಲ್ಲಾರೂ ಶಭಾಷ್ ಅಂದಾರ. ನನಗ ಅನ್ನಾಕ ಆಗಲಿಲ್ಲ. ಅದಕ್ಕ ಈ ಪತ್ರ. ನಿನ್ನಂಗ ಪ್ಯಾರಾಮೋಟರ್ ಕಲ್ಯಾಕ ಹೊಂಟ ಉಳಿದ ಮಂದಿಗೂ ಉಪಯೋಗ ಆಗಲಿ ಅಂತ ಎಲ್ಲಾರ ಮುಂದನ ಬರಿತೇನಿ. ಆ ನಾಲ್ಕನೇ ಬಸ್ಸಿನ ಮಾತು ಮಾತ್ರ ನಮ್ಮಿಬ್ಬರ ನಡುವನ ಇರಲಿ.

ಮೊದಲ ನೆಲ. ನೀ ಆರಿಸಿದ ಎರಿ ಹೊಲ ಬ್ಯಾಡ. ಜೋಳ ಕೊಯ್ದ ಕೂಳಿಗೆ ಒಂದು ದಾರ ಸಿಕ್ಕರೂ ವಿಂಗ್ ಒಂದ ಕಡೆ ಏಳತೈತಿ. ಬ್ಯಾಸಗಿಗೆ ಆ ನೆಲ ಬಿರಿತೈತಿ. ಬೆನ್ನ ಮ್ಯಾಲೆ 25-30 ಕೆಜಿ ಹೊತ್ತು ಓಡುವಾಗ ಬಿರುಕಿನ್ಯಾಗ ಕಾಲು ಹೊಕ್ಕರ ಮುಗೀತು. ಸಣ್ಣ ಹುಲ್ಲಿನ ಮಸಾರಿ ನೆಲ ಹುಡುಕು. ಗಾಳಿ ಬರೋ ದಿಕ್ಕಿನಾಗ ಗಿಡ, ಕರೆಂಟಿನ ತಂತಿ ಇರಬಾರದು. ಕಪ್ಪತಗುಡ್ಡಕ್ಕ ಹೋಗೋಣು ಅಂದಿದ್ದಿ. ಅಲ್ಲಿ ಅಷ್ಟು ಗಾಳಿಯಂತ್ರ ಯಾಕ ಹಾಕ್ಯಾರ ಅನ್ನೋದರಾಗನ ಉತ್ತರ ಐತಿ. ಇನ್ನ ಹುಬ್ಬಳ್ಳಿ ಗೋಕುಲ ರೋಡಿನ ವಿಮಾನ ನಿಲ್ದಾಣದ ಆಸುಪಾಸು ಪರವಾನಿಗಿ ಇಲ್ಲದ ಹಾರೋ ವಿಚಾರನ ಬ್ಯಾಡ.

ಹೊತ್ತು ಮೂಡಿದ ಮ್ಯಾಲಿನ ಒಂದೂವರಿ ತಾಸು ಕಲಿಯೋರದು. ನೆಲ ಕಾದ ಮ್ಯಾಲೆ ಗಾಳಿ ಬುಗ್ಗಿಯಂಗ ಮ್ಯಾಲಕ್ಕ ಏಳತೈತಿ, ದಿಕ್ಕು ಬದಲಾಸ್ತೈತಿ. ಮಾರ್ಚ್, ಏಪ್ರಿಲ್ ಮಧ್ಯಾಹ್ನ ಹೊಲದಾಗ ಸುಳಿಗಾಳಿ ಧೂಳು ಎತ್ತಿಕೊಂಡು ತಿರಗೋದು ನೋಡಿದ್ದೀಯಲ್ಲ, ವಿಂಗ್ ಬಿಚ್ಚಿ ಹಾಸಿದಾಗ ಅದು ಬಂದ್ರ ನಿನ್ನನ್ನೂ ಎಳಕೊಂಡು ಹೋಗತೈತಿ. ಒಂದು ಕೋಲಿಗೆ ರಿಬ್ಬನ್ ಕಟ್ಟಿ ಊರು, ಹತ್ತು ನಿಮಿಷ ಸುಮ್ಮನ ಅದನ್ನ ನೋಡು. ಗಾಳಿ ತಾಸಿಗೆ 8 ಕಿಲೋಮೀಟರ್ ಒಳಗಿದ್ರ ವಿಂಗಿಗೆ ಬೆನ್ನು ಮಾಡಿ ಮುಂದಕ್ಕ ಓಡು. 10ರಿಂದ 18 ಇದ್ರ ವಿಂಗಿನ ಕಡೆ ಮುಖ ಮಾಡಿ ಎಬ್ಬಿಸಿ, ಆಮ್ಯಾಲೆ ತಿರುಗು. 20 ದಾಟಿದ್ರ ಚೀಲ ಕಟ್ಟು.

ಪೆಟ್ರೋಲಿಗೆ ಟೂ-ಸ್ಟ್ರೋಕ್ ಎಣ್ಣಿ ಅಂದಾಜಿನ ಮ್ಯಾಲೆ ಸುರಿಬ್ಯಾಡ. ನಿನ್ನ ಎಂಜಿನ್ನಿನ ಪುಸ್ತಕದಾಗ 40ಕ್ಕ 1 ಅಂತ ಇದ್ರ ಲೀಟರಿಗೆ 25 ಮಿಲಿ, 50ಕ್ಕ 1 ಇದ್ರ 20 ಮಿಲಿ. ಎಣ್ಣಿ ಕಡಿಮಿ ಬಿದ್ರ ಪಿಸ್ಟನ್ ಕಚ್ಚತೈತಿ, ಅದೂ ಪೂರಾ ಜೋರಿನ್ಯಾಗ ಏರುವಾಗ.

ಈಗ ಏಳೋ ಮಾತು. ವಿಂಗನ್ನ ಕುದರಿ ಲಾಳದಂಗ ಬಾಗಿಸಿ ಹಾಸು, ನಡುಭಾಗ ನಿನ್ನಿಂದ ದೂರ. ಹಂಗಾದ್ರ ನಡುವಿನ ದಾರ ಮೊದಲ ಬಿಗಿತಾವು, ನಡುಭಾಗ ಮೊದಲ ಗಾಳಿ ತುಂಬಕೊಂಡು ಏಳತೈತಿ. ತುದಿ ಮೊದಲ ಎದ್ರ ಎರಡೂ ಒಳಗ ಮಡಚಿಕೊಂತಾವು. ದಾರ ಒಂದೊಂದೂ ಬೆರಳಾಗ ಹಿಡಿದು ನೋಡು. ಸಣ್ಣ ಹುಲ್ಲುಕಡ್ಡಿ ಸುತ್ತಿಕೊಂಡಿದ್ರೂ ಮ್ಯಾಲೆ ಹೋದ ಮ್ಯಾಲೆ ಅದು ಗಂಟಾಗತೈತಿ. ಎರಡೂ ಕೈಯಾಗ ಎ ರೈಸರ್, ಅಂದ್ರ ವಿಂಗಿನ ಮುಂದಿನ ದಾರ ಕೂಡೋ ಪಟ್ಟಿ, ಹಿಡಿದು ನೆಟ್ಟಗ ನಡುವ ನಿಂತು ಓಡು. ಮೊದಲ ನಾಲ್ಕು ಹೆಜ್ಜಿ ವಿಂಗ್ ನಿನ್ನ ಹಿಂದಕ್ಕ ಜಗ್ಗತೈತಿ, ನಿಲ್ಲಬ್ಯಾಡ. ಜಗ್ಗೋದು ಹಗುರಾದಾಗ ಅದು ತಲಿ ಮ್ಯಾಲೆ ಬಂದೈತಿ ಅಂತ ಅರ್ಥ. ಎ ಬಿಡು, ಮುಂದಕ್ಕ ನುಗ್ಗಿದ್ರ ವಿಂಗಿನ ಹಿಂದಿನ ಅಂಚು ಜಗ್ಗೋ ಬ್ರೇಕ್ ಒಂದೀಟು ಮುಟ್ಟು, ಕತ್ತೆತ್ತಿ ನೋಡು. ವಾರಿ ಆಗಿದ್ರ ಬ್ರೇಕಿಗಿಂತ ಮೊದಲ ನಿನ್ನ ಕಾಲು ಅದರ ಕೆಳಗ ಹೋಗಬೇಕು. ಎಲ್ಲಾ ಸರಿ ಕಂಡ ಮ್ಯಾಲೆ ಥ್ರಾಟಲ್, ಅದೂ ಮೆಲ್ಲಕ ಏರಿಸಕೊಂತ. ಆವಾಗ ಮುಂದಕ್ಕ ಬಾಗಬ್ಯಾಡ. ಬಾಗಿದ್ರ ಪ್ರೊಪೆಲರ್ ನಿನ್ನನ್ನ ನೆಲದಾಗ ಒತ್ತತೈತಿ. ಎದಿ ಸೆಟಸಿ ಓಡು. ಕಾಲು ನೆಲ ಬಿಟ್ಟ ಮ್ಯಾಲೂ ಓಡಕೊಂತನ ಇರು. ಜಲ್ದಿ ಕುಂತ್ರ ಮತ್ತ ಕೆಳಗ ಇಳದು ಪ್ರೊಪೆಲರ್ ಸುತ್ತಿನ ಕೇಜ್ ನೆಲಕ್ಕ ಬಡಿತೈತಿ. ಏರಸಬೇಕಂತ ಬ್ರೇಕ್ ಜಗ್ಗಿದ್ರ ವಿಂಗ್ ಹಿಂದ ಉಳದು ಸ್ಟಾಲ್ ಆಗತೈತಿ, ಅಂದ್ರ ಎತ್ತೋ ಶಕ್ತಿ ಕಳಕೊಂತೈತಿ.

ಇದು ನಿನಗ ಗೊತ್ತಿರೋದ. ನಾ ಹೇಳಬೇಕಂದಿದ್ದು ಆ ಬಲಗೈದು. ಥ್ರಾಟಲ್ ಅಂಗೈಯಾಗ ಪಟ್ಟಿ ಹಾಕ್ಕೊಂಡು ಕುಂತಿರತೈತಿ, ಬ್ರೇಕಿನ ಹಿಡಿಕಿನೂ ಅದ ಬೆರಳಿಗೆ. ಮನಷ್ಯಾ ಎಡವಿದಾಗ, ಅಂಜಿದಾಗ, ಕೈ ತಾನ ಮುಷ್ಟಿ ಕಟ್ಟತೈತಿ. ಎಲ್ಲಿ ಎಂಜಿನ್ ಬಂದ್ ಆಗಬೇಕೋ ಅಲ್ಲೇ ಪೂರಾ ಜೋರು ಕೊಡತೈತಿ. ವಿಂಗ್ ಹಿಂದ ಬೀಳುವಾಗ ಪ್ರೊಪೆಲರ್ ತಿರಗತಿದ್ರ ದಾರ ಒಳಗ ಎಳಕೊಂತೈತಿ. ನಿಮಿಷಕ್ಕ ಎರಡು ಸಾವಿರಕ್ಕೂ ಹೆಚ್ಚು ಸುತ್ತು ತಿರಗೋ ಅದರ ಮುಂದ ಬೆರಳಿನ ಗತಿ ನಾ ಬರಿಯೋದಿಲ್ಲ. ಹಂಗಾಗಿ ಎಂಜಿನ್ ಚಾಲೂ ಮಾಡದನ ಥ್ರಾಟಲ್ ಹಿಡಿದು ಓಡು. ಯಾರರೆ "ಬಿಡು!" ಅಂತ ಒದರಲಿ. ಬೆರಳು ಬಿಚ್ಚು, ಹೆಬ್ಬಟ್ಟಿನಿಂದ ಎಂಜಿನ್ ಬಂದ್ ಮಾಡೋ ಕಿಲ್ ಸ್ವಿಚ್ ಒತ್ತು, ಆಮ್ಯಾಲೆ ಎರಡೂ ಬ್ರೇಕ್ ಕೆಳಗ ಜಗ್ಗು. ಇದ ಕ್ರಮದಾಗ, ವಿಚಾರ ಮಾಡದ ಕೈಗೆ ಬರೋ ತನಕ. ಮೋಟರ್ ಇಲ್ಲದ ಬರೇ ವಿಂಗ್ ತಲಿ ಮ್ಯಾಲೆ ನಿಲ್ಲಿಸೋದು ಹತ್ತು ಹದಿನೈದು ತಾಸರೆ ಆಗಬೇಕು. ಅದನ್ನ ನೋಡದನ ಎಲ್ಲೈತಿ ಅಂತ ಭುಜಕ್ಕ ತಿಳಿಬೇಕು.

ಒಂದು ಮಾತು ಹೇಳಬಾರದು ಅಂದಕೊಂಡಿದ್ದೆ. ಅಂಜೋರು ಕಲಿಯುವಾಗ ನನಗ ಚಿಂತಿ ಇರೂದಿಲ್ಲ, ನಿನ್ನ ಧೈರ್ಯದ ಚಿಂತಿ ಐತಿ. ಕೆಲಗೇರಿ ಕೆರಿ ದಂಡಿ ಮ್ಯಾಲೆ ನೀ ಜಿಗ್ಯಾಕ ಹೊಂಟಾಗೆಲ್ಲಾ ನಾ ಹಿಂದಿನಿಂದ ಅಂಗಿ ಹಿಡಕೊಂತಿದ್ದೆ. ನೀ ನೆಲ ಬಿಟ್ಟ ಮ್ಯಾಲೆ ನನಗ ಹಿಡಕೊಳ್ಳಾಕ ಅಂಗಿ ಸಿಗೋದಿಲ್ಲ. ಆ ವಿಡಿಯೋ ನೋಡಿದ ರಾತ್ರಿ ಇದನ್ನ ತಲ್ಯಾಗ ಇಟ್ಟುಕೊಂಡು ಮಲಗಿದ್ದೆ, ನಿದ್ದಿ ಹತ್ತಲಿಲ್ಲ.

ಇರಲಿ, ಭಾಳ ಆತು. ರವಿವಾರ ಮುಂಜಾನೆ ಆರಕ್ಕ ಬರತೇನಿ. ಕೋಲು, ರಿಬ್ಬನ್ ನಾ ತರತೇನಿ, ಆಮ್ಯಾಲೆ ಗಿರಮಿಟ್ಟು, ಮಿರ್ಚಿ ನಿಂದು. ನಾಲ್ಕನೇ ಬಸ್ಸಿನ ಲೆಕ್ಕಾನೂ ಅವತ್ತ ತೀರಸೋಣು. ವಿಂಗ್, ಮೈಗೆ ಬಿಗಿಯೋ ಪಟ್ಟಿಯ ಹಾರ್ನೆಸ್, ಹೆಲ್ಮೆಟ್ ತಗೊಂಡು ಬಾ. ಥ್ರಾಟಲ್ ಬಿಚ್ಚಿ ಚೀಲದಾಗ ಹಾಕ್ಕೊ. ಎಂಜಿನ್ ಮನ್ಯಾಗ ಇಟ್ಟು ಬಾ.