ಮುತ್ಯಾನ ಅಂಚೆಚೀಟಿಗಳ ಕುರಿತು ಮಗಳಿಗೊಂದು ಪತ್ರ

ಕಲಬುರಗಿ

ಚಿರಂಜೀವಿ ಮಗಳಿಗೆ ಅವ್ವ ಮಾಡುವ ಆಶೀರ್ವಾದಗಳು.

ಮುತ್ಯಾನ ಅಂಚೆಚೀಟಿಗಳನ್ನು ಇನ್ನು ಮುಂದೆ ನೀನೇ ಕಾಪಾಡುವುದಾಗಿ ಬರೆದಿರುವುದನ್ನು ಓದಿ ನನಗಾದ ಸಂತೋಷ ಸಣ್ಣದಲ್ಲ. ಆದರೆ ಹಳೆಯ ಲಕೋಟೆಗಳ ಮೇಲಿನ ಚೀಟಿಗಳನ್ನೆಲ್ಲ ನೀರಿನಲ್ಲಿ ನೆನೆಸಿ ಬಿಡಿಸಿ, ದೇಶ ಮತ್ತು ಇಸವಿಯ ಪ್ರಕಾರ ಹೊಸ ಆಲ್ಬಮ್ಮಿನಲ್ಲಿ ಜೋಡಿಸಿ, ಲಕೋಟೆಗಳನ್ನು ತೆಗೆದುಬಿಡುವ ಆಲೋಚನೆಯಿದೆ ಎಂದೂ ಅದೇ ಪತ್ರದಲ್ಲಿ ಬರೆದಿದ್ದೀಯ. ಟ್ರಂಕು ನಿನ್ನ ಕೈ ಸೇರುವ ಮೊದಲು ಈ ಒಂದು ವಿಷಯದಲ್ಲಿ ನಿನ್ನ ಮನಸ್ಸು ಬದಲಾಗಬೇಕೆಂಬುದು ನನ್ನ ಆಸೆ. ಫೋನಿನಲ್ಲಿ ಹೇಳಿ ಮುಗಿಸುವ ಮಾತು ಇದಲ್ಲವಾದ್ದರಿಂದ ವಿವರವಾಗಿ ಬರೆಯುತ್ತಿದ್ದೇನೆ.

ನಮ್ಮ ಊರು ಆಗ ಸೇರಿದ್ದ ಹೈದರಾಬಾದ್ ನಿಜಾಮರ ಸಂಸ್ಥಾನವು 1869ರಿಂದಲೇ ತನ್ನದೇ ಅಂಚೆಚೀಟಿಗಳನ್ನು ಹೊರಡಿಸುತ್ತಿತ್ತು. ಅವು ನಡೆಯುತ್ತಿದ್ದುದು ಸಂಸ್ಥಾನದ ಗಡಿಯೊಳಗೆ ಮಾತ್ರ. ಗಡಿಯಾಚೆಗಿನ ಪತ್ರವ್ಯವಹಾರಕ್ಕೆ ಬ್ರಿಟಿಷ್ ಇಂಡಿಯಾದ ಚೀಟಿಯೇ ಬೇಕಾಗುತ್ತಿತ್ತು. ಮುತ್ಯಾನ ತಂದೆಯವರದು ತೊಗರಿ ಮತ್ತು ಜೋಳದ ಅಡತಿ ಅಂಗಡಿಯಾಗಿದ್ದುದರಿಂದ ಬ್ರಹ್ಮಪುರದ ನಮ್ಮ ಮನೆಗೆ ಎರಡೂ ಕಡೆಯ ಪತ್ರಗಳು ಬರುತ್ತಿದ್ದವು. ಹೈದರಾಬಾದಿನ ವ್ಯಾಪಾರಿಗಳು ಬರೆದ ಲಕೋಟೆಗಳ ಮೇಲೆ ಚಾರ್ಮಿನಾರಿನ ಒಂದಾಣೆಯ ಚೀಟಿಯಿದೆ. ರೈಲಿನಲ್ಲಿ ಹೊರಟರೆ ಹೈದರಾಬಾದಿಗಿಂತ ಬೇಗ ತಲುಪುವ, ಆದರೆ ಬ್ರಿಟಿಷ್ ಇಂಡಿಯಾಕ್ಕೆ ಸೇರಿದ್ದ ಸೊಲ್ಲಾಪುರದಿಂದ ಬಂದ ಲಕೋಟೆಗಳ ಮೇಲೆ ಜಾರ್ಜ್ ದೊರೆಯ ಮುಖವಿದೆ. ಆ ಚಾರ್ಮಿನಾರಿನ ಚೀಟಿ ಅಪರೂಪದ್ದೇನಲ್ಲ. ನೆನೆಸಿ ಬಿಡಿಸಿದರೆ ಅದು ಎಲ್ಲ ಸಂಗ್ರಾಹಕರ ಬಳಿಯೂ ಇರುವ ಇನ್ನೊಂದು ಚೀಟಿಯಾಗುತ್ತದೆ, ಅಷ್ಟೆ. ಲಕೋಟೆಯ ಮೇಲೆಯೇ ಇದ್ದರೆ ಅದು ಎಲ್ಲಿಂದ ಹೊರಟಿತು, ಯಾವ ದಿನ ಮುದ್ರೆ ಬಿತ್ತು, ಎಷ್ಟು ದಿನಕ್ಕೆ ಇಲ್ಲಿಗೆ ಬಂದು ಸೇರಿತು ಎಂಬುದನ್ನೆಲ್ಲ ಹೇಳುತ್ತದೆ. ತಲುಪಿದ ಊರಿನ ಮುದ್ರೆಯನ್ನು ಬಹುಮಟ್ಟಿಗೆ ಹಿಂಬದಿಗೆ ಒತ್ತುತ್ತಿದ್ದರು. ಆದ್ದರಿಂದ ಸ್ಕ್ಯಾನ್ ಮಾಡುವಾಗ ಎರಡೂ ಬದಿಗಳನ್ನು ಮಾಡಬೇಕು.

ವಿಳಾಸಗಳನ್ನು ನೀನು ಒಮ್ಮೆಯೂ ಅನುಕ್ರಮವಾಗಿ ಓದಿಲ್ಲವೆಂದು ಕಾಣುತ್ತದೆ. ಮೊದಲಿನವುಗಳಲ್ಲಿ ಊರಿನ ಹೆಸರು ಗುಲ್ಬರ್ಗಾ, ಕೆಳಗೆ ನಿಜಾಮರ ಸಂಸ್ಥಾನ. 1948ರ ಸೆಪ್ಟೆಂಬರ್ 17ರ ನಂತರದ ಕೆಲವು ವರ್ಷ ಹೈದರಾಬಾದ್ ರಾಜ್ಯ. 1956ರ ನವೆಂಬರ್ ಒಂದರಿಂದ ಮೈಸೂರು ರಾಜ್ಯ. 1972ರಲ್ಲಿ ಪಿನ್ ಕೋಡ್ ಜಾರಿಗೆ ಬಂದ ಮೇಲೆ 585101 ಎಂಬ ಅಂಕಿ ಸೇರಿಕೊಂಡಿತು. ಮರುವರ್ಷ ರಾಜ್ಯದ ಹೆಸರು ಕರ್ನಾಟಕವಾಯಿತು. 2014ರಲ್ಲಿ ಊರಿನ ಹೆಸರು ಅಧಿಕೃತವಾಗಿ ಕಲಬುರಗಿಯಾದ ಮೇಲೆ ಬಂದ ಒಂದು ಲಕೋಟೆಯನ್ನು ನಾನೇ ಕೊನೆಯಲ್ಲಿ ಸೇರಿಸಿದ್ದೇನೆ. ಇಷ್ಟೆಲ್ಲ ಬದಲಾದರೂ ಮನೆ ಇದ್ದಲ್ಲೇ ಇತ್ತು. ಈ ಭಾಗದ ಜನ ಒಂದೇ ಹೊಸ್ತಿಲಲ್ಲಿ ಕುಳಿತು ಎಷ್ಟು ಆಡಳಿತಗಳನ್ನು ಕಂಡರೆಂಬುದಕ್ಕೆ ನಮ್ಮ ಮನೆಯಲ್ಲಿರುವ ಲಿಖಿತ ಸಾಕ್ಷಿ ಈ ಲಕೋಟೆಗಳೇ. ಅವುಗಳಿಂದ ಚೀಟಿಯನ್ನು ಬಿಡಿಸಿದರೆ ಸಾಕ್ಷಿ ಅರ್ಧಕ್ಕೆ ಹರಿಯುತ್ತದೆ.

ಜೋಡಣೆಯ ವಿಷಯದಲ್ಲೂ ನನ್ನದು ಇದೇ ಮಾತು. ಕಂದು ರಟ್ಟಿನ ಆಲ್ಬಮ್ಮಿನಲ್ಲಿ ಒಂದು ಪುಟವಿದೆ. ಅದರಲ್ಲಿ ಮೇಲೆ ನಿಜಾಮರ ಸಂಸ್ಥಾನದ 1931ರ ಮಾಲೆಯ ಹನ್ನೆರಡಾಣೆಯ ಚೀಟಿ. ಅದರ ಮೇಲಿರುವುದು ಬೀದರಿನ ಮಹಮೂದ್ ಗವಾನನ ಮದರಸಾ. ಅದರ ಕೆಳಗೆ 1949ರ ಆರಾಣೆಯ ಗೋಳಗುಮ್ಮಟ. ಅದಕ್ಕೂ ಕೆಳಗೆ 1967ರ ಬಸವೇಶ್ವರರ ಚೀಟಿ. ಯಾವ ಕ್ಯಾಟಲಾಗಿನ ಪ್ರಕಾರ ನೋಡಿದರೂ ಈ ಮೂರು ಒಂದೇ ಪುಟದಲ್ಲಿ ಬರುವುದು ಸಾಧ್ಯವಿಲ್ಲ: ಮೊದಲನೆಯದು ಸಂಸ್ಥಾನಗಳ ವಿಭಾಗಕ್ಕೆ ಹೋಗುತ್ತದೆ, ಎರಡನೆಯದು ನಿತ್ಯಬಳಕೆಯ ಚೀಟಿಗಳ ಸಾಲಿಗೆ, ಮೂರನೆಯದು ಸ್ಮಾರಕ ಚೀಟಿಗಳ ಸಾಲಿಗೆ. ಮುತ್ಯಾ ಅವುಗಳನ್ನು ಒಟ್ಟಿಗೆ ಇಟ್ಟದ್ದು ತಿಳಿಯದೆ ಅಲ್ಲ. ಬೀದರಿನ ಮದರಸಾ, ವಿಜಯಪುರದ ಗುಮ್ಮಟ, ಕಲ್ಯಾಣದ ಅಣ್ಣ ಇವೆಲ್ಲವೂ ತನ್ನ ಸೀಮೆಯವು ಎಂದು ಅವರು ಭಾವಿಸಿದ್ದರು; ಆ ಭಾವನೆಯನ್ನು ಅವರು ಬೇರೆಲ್ಲಿಯೂ ಬರೆದಿಟ್ಟಿಲ್ಲ. ಹಾಗೆಯೇ 1948ರ ಆಗಸ್ಟ್ 15ರಂದು ಹೊರಬಂದ ಗಾಂಧೀಜಿಯವರ ಚೀಟಿಗಳ ಎದುರು ಪುಟದಲ್ಲಿ ನಿಜಾಮರ ಕೊನೆಯ ವರ್ಷಗಳ ಚೀಟಿಗಳಿವೆ. ಗಾಂಧೀಜಿಯವರ ಚೀಟಿ ಬಂದ ದಿನ ನಮ್ಮ ಊರು ಇನ್ನೂ ಭಾರತದ ಒಕ್ಕೂಟದೊಳಗೆ ಬಂದಿರಲಿಲ್ಲ. ಆ ಎರಡು ಪುಟಗಳು ಎದುರುಬದುರು ಇರುವ ಕಾರಣ ಅದೇ. ನೀನು ಬೇಕಾದರೆ ಕ್ಯಾಟಲಾಗಿನ ಕ್ರಮದಲ್ಲಿ ಒಂದು ಪಟ್ಟಿಯನ್ನು ಕಂಪ್ಯೂಟರಿನಲ್ಲಿ ಮಾಡಿಕೋ, ಅದು ಅಗತ್ಯವೂ ಹೌದು. ಪುಟಗಳನ್ನು ಮಾತ್ರ ಮುಟ್ಟಬೇಡ.

ಇನ್ನು ರಕ್ಷಣೆಯ ಮಾತು. ಕಲಬುರಗಿಯ ಬೇಸಿಗೆ ನಲವತ್ತು ಡಿಗ್ರಿ ದಾಟಿದರೂ ಆ ಒಣಬಿಸಿಲು ಕಾಗದಕ್ಕೆ ಮಳೆಗಾಲದಷ್ಟು ಶತ್ರುವಲ್ಲ. ನಿಜವಾದ ಭಯ ತೇವದ್ದು, ಮತ್ತು ನಮ್ಮ ಮನೆಗಳಲ್ಲಿ ಆ ತೇವ ಬೇಸಿಗೆಯಲ್ಲೇ ಕೂಲರಿನ ಮೂಲಕ ಒಳಗೆ ಬರುತ್ತದೆ. ಕೂಲರ್ ಇರುವ ಕೋಣೆಯಲ್ಲಿ ಚೀಟಿಗಳನ್ನು ಎಂದಿಗೂ ಇಡಬಾರದು. ಶಹಾಬಾದಿ ಫರ್ಸಿಯ ನೆಲದ ಮೇಲೆ ಟ್ರಂಕನ್ನು ನೇರವಾಗಿ ಇಡುವುದೂ ಬೇಡ. ಮಳೆಗಾಲದಲ್ಲಿ ಕಲ್ಲು ತಣ್ಣಗಾಗಿ ಕೆಳಗಿನಿಂದ ತಂಪು ಹಿಡಿಯುತ್ತದೆ. ಬೆಂಗಳೂರಿನ ನಿನ್ನ ಮನೆಯಲ್ಲಿ ಫರ್ಸಿಯೂ ಇಲ್ಲ, ಕೂಲರೂ ಇಲ್ಲ. ಆದರೆ ಅಲ್ಲಿನ ಹವೆಯಲ್ಲಿ ತೇವ ಹೆಚ್ಚು ತಿಂಗಳು ನಿಲ್ಲುತ್ತದೆ. ಗಾಳಿಯ ತೇವಾಂಶ ಶೇಕಡಾ 50ರ ಆಸುಪಾಸಿನಲ್ಲಿದ್ದರೆ ಒಳ್ಳೆಯದು. ಅದಕ್ಕಿಂತ ಬಹಳ ಹೆಚ್ಚಾದರೆ ಕಾಗದದ ಮೇಲೆ ಕಂದು ಚುಕ್ಕೆಗಳು ಏಳುತ್ತವೆ, ಬಳಸದ ಚೀಟಿಯ ಹಿಂದಿನ ಅಂಟು ನೀರು ಹೀರಿ ಪುಟಕ್ಕೆ ಕಚ್ಚಿಕೊಳ್ಳುತ್ತದೆ. ಬಹಳ ಕಡಿಮೆಯಾದರೆ ಅದೇ ಅಂಟು ಬಿರುಕು ಬಿಡುತ್ತದೆ. ತೇವಾಂಶ ತೋರಿಸುವ ಸಣ್ಣ ಮಾಪಕವೊಂದನ್ನು ಕಪಾಟಿನೊಳಗೆ ಇಟ್ಟುಕೋ. ಸಿಲಿಕಾ ಜೆಲ್ ಪೊಟ್ಟಣಗಳನ್ನೂ ಇಡು, ಅವು ಚೀಟಿಗಳಿಗೆ ತಗಲದಿರಲಿ. ಡಾಂಬರ್ ಗುಳಿಗೆಗಳನ್ನು ಬಟ್ಟೆಯ ಪೆಟ್ಟಿಗೆಯಲ್ಲೇ ಇರಗೊಡು, ಇಲ್ಲಿಗೆ ಬೇಡ.

ಆಲ್ಬಮ್ಮುಗಳನ್ನು ಒಂದರ ಮೇಲೊಂದು ಪೇರಿಸದೆ, ಪುಸ್ತಕದಂತೆ ನಿಲ್ಲಿಸಿ ಇಡಬೇಕು. ಭಾರ ಮತ್ತು ತೇವ ಎರಡೂ ಸೇರಿದಾಗಲೇ ಚೀಟಿಗಳು ಅಂಟಿಕೊಳ್ಳುವುದು. ಹಾಗೆ ಅಂಟಿಕೊಂಡದ್ದು ಕಂಡರೆ ಉಗುರಿನಿಂದ ಎಬ್ಬಿಸಲು ಹೋಗಬೇಡ, ಪುಟದ ಸಮೇತ ಬಿಟ್ಟು ತಿಳಿದವರಿಗೆ ತೋರಿಸು. ಅಂಗಡಿಯಲ್ಲಿ ಸಿಗುವ, ಮೆತ್ತಗಿರುವ, ವಾಸನೆ ಬರುವ ಪ್ಲಾಸ್ಟಿಕ್ ಹಾಳೆಗಳು ಸಾಮಾನ್ಯವಾಗಿ ಪಿವಿಸಿಯವು. ವರ್ಷಗಳು ಕಳೆದಂತೆ ಅವುಗಳಿಂದ ಎಣ್ಣೆಯಂಥ ಪದಾರ್ಥ ಒಸರಿ ಚೀಟಿಯ ಬಣ್ಣವನ್ನೇ ಕೆಡಿಸುತ್ತದೆ. ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಎಂದು ಸ್ಪಷ್ಟವಾಗಿ ಬರೆದಿರುವ ಹೊದಿಕೆಗಳನ್ನೇ ಕೊಳ್ಳು, ಒಳಗಿನ ಕಾಗದ ಆಮ್ಲರಹಿತವಾಗಿರಲಿ. ಲ್ಯಾಮಿನೇಷನ್ ಮತ್ತು ಸೆಲೋಟೇಪು ಈ ಸಂಗ್ರಹದ ಹತ್ತಿರವೂ ಸುಳಿಯಬಾರದು. ಗೋಡೆಗೆ ತೂಗುಹಾಕುವ ಆಸೆಯಿದ್ದರೆ ಸ್ಕ್ಯಾನ್ ಮಾಡಿದ ಪ್ರತಿಯನ್ನು ಮುದ್ರಿಸಿ ಚೌಕಟ್ಟು ಹಾಕಿಸು; ಬೆಳಕಿಗೆ ಬಣ್ಣ ಮಾಸಿದ ಮೂಲ ಚೀಟಿ ಮತ್ತೆ ಮೊದಲಿನಂತಾಗುವುದಿಲ್ಲ. ಬಿಡಿ ಚೀಟಿಗಳನ್ನು ತುದಿ ಚಪ್ಪಟೆಯಾಗಿರುವ ಚಿಮಟದಿಂದಲೇ ಎತ್ತಬೇಕು, ಬೆರಳಿನ ಬೆವರು ಅಂಟಿಗೂ ಕಾಗದಕ್ಕೂ ಆಗದು.

ನೆನೆಸುವ ಕೆಲಸವನ್ನು ಕಲಿಯಲೇಬೇಕೆಂದಿದ್ದರೆ ಅದಕ್ಕೂ ಅವಕಾಶವಿದೆ. ಟ್ರಂಕಿನ ತಳದಲ್ಲಿ ಬಟ್ಟೆಯ ಚೀಲವೊಂದರಲ್ಲಿ, ಯಾರೋ ಆಗಲೇ ಕತ್ತರಿಸಿ ಮುತ್ಯಾನಿಗೆ ಕೊಟ್ಟಿದ್ದ, ಲಕೋಟೆಯ ತುಂಡುಗಳ ಮೇಲಿರುವ ಎಪ್ಪತ್ತು ಎಂಬತ್ತರ ದಶಕದ ಚೀಟಿಗಳಿವೆ. ಅವುಗಳನ್ನು ತಣ್ಣೀರಿನಲ್ಲಿ ಬಿಡು, ತಾವಾಗಿಯೇ ಕಾಗದ ಬಿಟ್ಟು ಬರುವವರೆಗೆ ಎಳೆಯಬೇಡ. ಆಮೇಲೆ ಒತ್ತು ಕಾಗದದ ನಡುವೆ ಇಟ್ಟು ಮೇಲೆ ಭಾರ ಹೇರು. ಬಣ್ಣದ ಲಕೋಟೆಯ ತುಂಡುಗಳನ್ನು ಬೇರೆಯಾಗಿ ನೆನೆಸು, ಇಲ್ಲದಿದ್ದರೆ ಅದರ ಬಣ್ಣ ಉಳಿದವಕ್ಕೆಲ್ಲ ಹತ್ತುತ್ತದೆ.

ಬೆಲೆ ಕಟ್ಟಿಸುವ ಬಗ್ಗೆಯೂ ಕೇಳಿದ್ದೀಯ. ಕಟ್ಟಿಸು, ತಪ್ಪಿಲ್ಲ. ಬೆಂಗಳೂರಿನ ಪ್ರಧಾನ ಅಂಚೆ ಕಚೇರಿಯಲ್ಲಿ (ಜಿಪಿಒ) ಅಂಚೆಚೀಟಿ ಸಂಗ್ರಾಹಕರಿಗಾಗಿ ಇರುವ ಫಿಲಾಟೆಲಿ ಬ್ಯೂರೊಗೆ ಹೋಗಿ ಬಂದರೆ ಅನುಭವಿ ಸಂಗ್ರಾಹಕರ ಪರಿಚಯವಾದೀತು. ದೊಡ್ಡ ಮೊತ್ತ ಹೇಳುತ್ತಾರೆಂದು ನನಗೆ ಅನ್ನಿಸುವುದಿಲ್ಲ. ಮುಂದೆಂದಾದರೂ ಇದನ್ನು ಇಟ್ಟುಕೊಳ್ಳುವುದು ನಿನ್ನಿಂದ ಆಗದೆ ಹೋದರೆ ಬಿಡಿಬಿಡಿಯಾಗಿ ಮಾರದೆ, ಈ ಸೀಮೆಯ ಚರಿತ್ರೆಯಲ್ಲಿ ಆಸಕ್ತಿಯಿರುವವರಿಗೆ ಇಡಿಯಾಗಿ ಕೊಟ್ಟುಬಿಡು.

ಲಕೋಟೆಗಳೊಳಗಿನ ಪತ್ರಗಳಲ್ಲಿ ಹಲವು ಉರ್ದುವಿನಲ್ಲಿವೆ, ಸೊಲ್ಲಾಪುರದ ಕೆಲವು ಮರಾಠಿಯ ಹಳೆಯ ಕೈಬರಹವಾದ ಮೋಡಿ ಲಿಪಿಯಲ್ಲಿವೆ. ನಮ್ಮ ಓಣಿಯ ನಿವೃತ್ತ ಉರ್ದು ಶಿಕ್ಷಕರೊಬ್ಬರು ಓದಿ ಹೇಳಲು ಒಪ್ಪಿದ್ದಾರೆ. ಬರೆದವರು ಯಾರು, ವ್ಯವಹಾರ ಏನು ಎಂಬುದನ್ನು ನಾನು ಬೇರೆ ಹಾಳೆಯಲ್ಲಿ ಬರೆದು ಆಯಾ ಲಕೋಟೆಯ ಹಿಂದೆ ಇಡುತ್ತಿದ್ದೇನೆ. ಲಕೋಟೆಯ ಮೇಲೆ ಪೆನ್ಸಿಲ್ ಗುರುತನ್ನೂ ಹಾಕಿಲ್ಲ. ಮೋಡಿ ಓದುವವರನ್ನು ನೀನು ಹುಡುಕಬೇಕು. ಮಿರಗದ ಮಳೆ ಹಿಡಿಯುವ ಮೊದಲೇ ಬಾ, ಬರುವಾಗ ಲಕೋಟೆ ಹಿಡಿಸುವ ಅಳತೆಯ ಪಾಲಿಯೆಸ್ಟರ್ ಹೊದಿಕೆಗಳನ್ನು ತೆಗೆದುಕೊಂಡು ಬಾ. ಒಂದೊಂದನ್ನೇ ಇಬ್ಬರೂ ಕೂಡಿ ಹಾಕಿ ಮುಗಿಸಿದ ಮೇಲೆ ಟ್ರಂಕು ನಿನ್ನ ಜೊತೆ ಹೊರಡಲಿ.

ಇಂತಿ,
ನಿನ್ನ ಅವ್ವ