ಕಾಲಿಗೆ ನೀರು

ಪ್ರಿಯ ಓದುಗರೇ,

ಈ ಸಂಚಿಕೆಯಲ್ಲಿ ಯುಗಾದಿಯ ಫೋಟೋಗಳೇ ಜಾಸ್ತಿ ಇವೆ. ನಾನು ಮಾತ್ರ ಈಸ್ಟರ್ ಬಗ್ಗೆ ಬರೆಯುತ್ತಿದ್ದೇನೆ.

ಜನವರಿಯಲ್ಲಿ ಇಲ್ಲಿನ ಚರ್ಚಿನ ವಿದ್ಯಾರ್ಥಿ ಗುಂಪಿನಿಂದ, ವಿದೇಶದಲ್ಲಿರುವ ನಮ್ಮ ಕನ್ನಡ ಸಂಘಕ್ಕೆ ಒಂದು ಇಮೇಲ್ ಬಂತು. ಈಸ್ಟರ್ ರಜೆಯಲ್ಲಿ ಹನ್ನೊಂದು ಜನ ಹತ್ತು ದಿನಕ್ಕೆ ಚಿಕ್ಕಬಳ್ಳಾಪುರ ಜಿಲ್ಲೆಗೆ ಹೋಗುತ್ತಿದ್ದೇವೆ, ನಾಲ್ಕು ಮಾತು ಕನ್ನಡ ಕಲಿಸುತ್ತೀರಾ ಅಂತ. ನಾನು ಶಿಡ್ಲಘಟ್ಟದ ಕಡೆಯವನು. ಇಪ್ಪತ್ತು ವರ್ಷದಲ್ಲಿ ಇಲ್ಲಿಯವರೊಬ್ಬರು ತಾವಾಗಿ ನಮ್ಮ ಕಡೆಯ ಹೆಸರೆತ್ತಿದ್ದು ಅದೇ ಮೊದಲು. ಅವತ್ತೇ ಒಪ್ಪಿಕೊಂಡೆ.

ಕೆಲವು ಸದಸ್ಯರಿಗೆ ಇದು ಹಿಡಿಸಲಿಲ್ಲ. ‘ಮತ ಪ್ರಚಾರಕ್ಕೆ ಹೋಗುವವರಿಗೆ ನಾವ್ಯಾಕೆ ಕನ್ನಡ ಕಲಿಸಬೇಕು?’ ಅಂತ ಒಬ್ಬರು ನೇರವಾಗಿಯೇ ಕೇಳಿದರು. ಕೇಳಬೇಕಾದ ಪ್ರಶ್ನೆಯೇ ಅದು. ನಾನೂ ಗುಂಪಿನ ಹಿರಿಯರ ಮುಂದೆ ಅದನ್ನೇ ಇಟ್ಟೆ. ಭಾರತದ ಟೂರಿಸ್ಟ್ ವೀಸಾದಲ್ಲಿ ಧರ್ಮ ಪ್ರಚಾರ ಮಾಡುವ ಹಾಗಿಲ್ಲ. ಅದಕ್ಕೆ ಮಿಷನರಿ ವೀಸಾ ಅಂತ ಬೇರೆಯೇ ಇದೆ. ಹಣ ತೆಗೆದುಕೊಳ್ಳದೆ ಮಾಡುವ ಸೇವೆಗೆ ಮಾತ್ರ ಹೆಚ್ಚೆಂದರೆ ಒಂದು ತಿಂಗಳು ಅವಕಾಶ. ಇದೆಲ್ಲ ಅವರಿಗೆ ಮೊದಲೇ ಗೊತ್ತಿತ್ತು. ಅಲ್ಲಿನ ಚರ್ಚಿನಲ್ಲಿ ಹಬ್ಬದ ಆರಾಧನೆಗೆ ಎಲ್ಲರ ಜೊತೆ ಕೂರುವುದು, ಕೈಲಾದ ಕೆಲಸ ಮಾಡುವುದು, ಅಷ್ಟೇ ಅಂದರು. ನನಗೆ ಸಮಾಧಾನವಾಯಿತು.

ಕೈಲಾದ ಕೆಲಸ ಅಂದರೆ ಅವರ ಮನಸ್ಸಿನಲ್ಲಿದ್ದದ್ದು ಶಾಲೆಯ ಗೋಡೆಗೆ ಬಣ್ಣ ಹೊಡೆಯುವುದು. ಊರಲ್ಲಿರುವ ಚಿಕ್ಕಪ್ಪನ ಮಗನಿಗೆ ಫೋನ್ ಮಾಡಿ ವಿಚಾರಿಸಿದೆ. ಅವನು ಮೇಷ್ಟ್ರನ್ನು ಕೇಳಿ ಬಂದು ಹೇಳಿದ: ‘ಅಣ್ಣ, ಬಣ್ಣ ಹೊಡೆಯೋರು ನಮ್ಮೂರಲ್ಲೇ ನಾಲ್ಕು ಜನ ಇದ್ದಾರೆ. ಅವರಿಗೇ ಸರಿಯಾಗಿ ಕೆಲಸ ಇಲ್ಲ. ಇವರು ವಿಮಾನ ಹತ್ತಿ ಬಂದು ಹೊಡೀಬೇಕಾ?’ ಈ ಮಾತನ್ನು ಮಕ್ಕಳಿಗೆ ಹೇಗೆ ಹೇಳುವುದು ಅಂತ ಎರಡು ದಿನ ಒದ್ದಾಡಿದೆ. ಕೊನೆಗೆ ಹೇಳಿಯೇಬಿಟ್ಟೆ. ಅವರು ಒಂದು ವಾರ ಯೋಚಿಸಿ, ಬಣ್ಣಕ್ಕೆ ಇಟ್ಟಿದ್ದ ದುಡ್ಡನ್ನು ಆ ನಾಲ್ವರ ಕೂಲಿಗೇ ಕೊಟ್ಟರು. ಇಡೀ ಪ್ರವಾಸದಲ್ಲಿ ನನಗೆ ತುಂಬಾ ಹಿಡಿಸಿದ ತೀರ್ಮಾನ ಇದು.

ಹಿಂದೆ ಮಿಷನ್ ಕೆಲಸಕ್ಕೆ ಬಂದವರು ಹತ್ತು ದಿನಕ್ಕೆ ಬರುತ್ತಿರಲಿಲ್ಲ. ಕಿಟೆಲ್ ಬಂದಿದ್ದು 1853ರಲ್ಲಿ, ಅವರ ನಿಘಂಟು ಅಚ್ಚಾಗಿದ್ದು 1894ರಲ್ಲಿ. ಕನ್ನಡ ಸಾಹಿತ್ಯದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದ ಇ.ಪಿ. ರೈಸ್ ನಮ್ಮ ಚಿಕ್ಕಬಳ್ಳಾಪುರದಲ್ಲೇ ಲಂಡನ್ ಮಿಷನ್ನಿನಲ್ಲಿದ್ದವರು. ಆ ಮಿಷನ್ ಕಾಲದ ಆಸ್ಪತ್ರೆ ಈಗಲೂ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಆಸ್ಪತ್ರೆಯಾಗಿ ನಡೆಯುತ್ತಿದೆ. ನಮ್ಮಕ್ಕ ಹುಟ್ಟಿದ್ದು ಅಲ್ಲೇ. ಅಷ್ಟು ವರ್ಷ ಇದ್ದವರು ಮಾಡಿದ ಕೆಲಸವನ್ನು ಹತ್ತು ದಿನಕ್ಕೆ ಹೋಗುವ ಹುಡುಗರು ಮಾಡಲಾರರು. ಆದರೆ ನೆಂಟರ ಹಾಗೆ ಹೋಗಿ ಬರಬಹುದು, ಅಲ್ವಾ? ನೆಂಟರ ಹಾಗೆ ಹೋಗಬೇಕಾದರೆ ಮಾತು ಬೇಕು. ಅದಕ್ಕೇ ಆರು ಶನಿವಾರ ನಮ್ಮ ಮನೆ ಹಾಲ್‌ನಲ್ಲಿ ಪಾಠ ಮಾಡಿದೆ. ‘ಊಟ ಆಯ್ತಾ’, ‘ಏನು ಮಾಡಲಿ ಹೇಳಿ’, ‘ನನಗೆ ಗೊತ್ತಾಗಲಿಲ್ಲ’, ‘ಹೋಗಿ ಬರ್ತೀನಿ’. ಎಲ್ಲಕ್ಕಿಂತ ಮೊದಲು ‘ಸಾಕು’. ನಮ್ಮ ಕಡೆ ಮುದ್ದೆ ಬಡಿಸುವವರ ಮುಂದೆ ಆ ಮಾತು ಗೊತ್ತಿರಲೇಬೇಕು.

ಈಸ್ಟರ್‌ಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರದ ಹೊತ್ತಿಗೆ ಅವರು ಚಿಕ್ಕಬಳ್ಳಾಪುರ ತಲುಪಿದ್ದರು. ಗುರುವಾರ ಬೆಳಿಗ್ಗೆ ನಮ್ಮ ದೊಡ್ಡಮ್ಮನ ಮನೆಗೆ ಹೋದರು. ಸುಮ್ನೆ ನೋಡಿಕೊಂಡು ಬರೋಣ ಅಂತ ಹೊರಟಿದ್ದವರು. ಅವತ್ತೇ ಅಲ್ಲಿ ರೇಷ್ಮೆ ಹುಳ ಹಣ್ಣಾಗಿತ್ತು.

ರೇಷ್ಮೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಹುಳಕ್ಕೆ ನಾಲ್ಕು ಜ್ವರ. ಪ್ರತಿ ಜ್ವರದಲ್ಲೂ ಮೇವು ಬಿಟ್ಟು ಮಲಗಿ, ಪೊರೆ ಕಳಚಿ ಏಳುತ್ತದೆ. ನಾಲ್ಕನೇ ಜ್ವರ ಎದ್ದ ಮೇಲೆ ಸುಮಾರು ಒಂದು ವಾರ ಹಗಲು ರಾತ್ರಿ ಹಿಪ್ಪುನೇರಳೆ ಸೊಪ್ಪು ತಿನ್ನುತ್ತದೆ. ಆ ಸದ್ದು ಮಳೆ ಹನಿದ ಹಾಗೆ ಕೇಳಿಸುತ್ತದೆ. ಆಮೇಲೆ ಒಮ್ಮೆಲೇ ತಿನ್ನುವುದು ನಿಲ್ಲುತ್ತದೆ. ಮೈ ಬೆಳಕು ಹಾಯುವ ಹಾಗೆ ತಿಳಿಯಾಗುತ್ತದೆ, ತಲೆ ಎತ್ತಿ ಜಾಗ ಹುಡುಕುತ್ತದೆ. ಆಗ ಒಂದೊಂದನ್ನೇ ಆರಿಸಿ, ಗೂಡು ಕಟ್ಟಲು ಇಡುವ ತಟ್ಟೆಗೆ, ಅಂದರೆ ಚಂದ್ರಿಕೆಗೆ ಬಿಡಬೇಕು. ತಡವಾದರೆ ನೂಲನ್ನು ಸೊಪ್ಪಿನ ಮೇಲೇ ಬಿಟ್ಟುಬಿಡುತ್ತದೆ, ಇಡೀ ಬೆಳೆ ಕೈಗೆ ಬರುವ ಹೊತ್ತಿಗೆ ನಷ್ಟ. ಆ ಒಂದು ದಿನ ಎಷ್ಟು ಕೈ ಇದ್ದರೂ ಸಾಲದು. ಕೂಲಿಗೆ ಜನ ಸಿಗುವುದೂ ಈಗ ಕಷ್ಟ.

ಹನ್ನೊಂದು ಜನ ಬಾಗಿಲಿಗೆ ಬಂದು ನಿಂತಿದ್ದರು. ದೊಡ್ಡಮ್ಮ ಒಳಗೆ ಬಿಡಲಿಲ್ಲ. ಇಬ್ಬರು ಸೊಳ್ಳೆ ಕ್ರೀಮ್ ಹಚ್ಚಿದ್ದರು, ಒಬ್ಬ ಸೆಂಟ್ ಹಾಕಿದ್ದ. ಹುಳದ ಮನೆಗೆ ಅಂಥ ವಾಸನೆ ಆಗಿಬರುವುದಿಲ್ಲ. ಆ ಮೂವರನ್ನೂ ಸ್ನಾನಕ್ಕೆ ಕಳಿಸಿದರು. ಉಳಿದವರನ್ನು ಸಾಲಾಗಿ ನಿಲ್ಲಿಸಿ, ಚಪ್ಪಲಿ ಬಿಡಿಸಿ, ಚೊಂಬಿನಲ್ಲಿ ನೀರು ತಂದು ಒಬ್ಬೊಬ್ಬರ ಕಾಲಿಗೂ ತಾವೇ ಹಾಕಿದರು. ಒಬ್ಬಳು ಹುಡುಗಿ ನಾಚಿಕೊಂಡು ಚೊಂಬು ಕಿತ್ತುಕೊಳ್ಳಲು ಹೋದಳು. ‘ನಿಲ್ಲಮ್ಮ’ ಅಂದು ದೊಡ್ಡಮ್ಮ ಬಗ್ಗಿ, ಪಾದಕ್ಕೆ ಹತ್ತಿದ್ದ ಮಣ್ಣನ್ನು ಕೈಯಿಂದಲೇ ಉಜ್ಜಿ ತೆಗೆದರು. ಅವರ ವಯಸ್ಸು ಎಪ್ಪತ್ತು ದಾಟಿದೆ, ಮಂಡಿ ನೋವು ಬೇರೆ. ಆ ಒಂದು ಚೊಂಬು ನೀರೂ ಸುಲಭಕ್ಕೆ ಸಿಗುವುದಲ್ಲ: ನಮ್ಮೂರಲ್ಲಿ ಬೋರ್‌ವೆಲ್ ಸಾವಿರ ಅಡಿ ದಾಟಿದೆ. ಬೆಂಗಳೂರಿನ ಹೆಬ್ಬಾಳ-ನಾಗವಾರ (ಎಚ್.ಎನ್.) ವ್ಯಾಲಿಯ ಸಂಸ್ಕರಿಸಿದ ಕೊಳಚೆ ನೀರು ಜಿಲ್ಲೆಯ ಕೆರೆಗಳಿಗೆ ಬರುತ್ತಿದ್ದರೂ ಅದು ಮನೆ ಬಳಕೆಗಲ್ಲ.

ವಾಪಸ್ ಬಂದ ಮೇಲೆ ಆ ಹುಡುಗಿ ನನಗೆ ಇದನ್ನು ಹೇಳುವಾಗ ಎರಡು ಸಲ ಮಾತು ನಿಲ್ಲಿಸಿದಳು. ಅವತ್ತು ಪವಿತ್ರ ಗುರುವಾರ. ಯೇಸು ಶಿಷ್ಯರ ಕಾಲು ತೊಳೆದಿದ್ದನ್ನು ಚರ್ಚುಗಳಲ್ಲಿ ನೆನೆಯುವ ದಿನ. ಅವಳು ಚಿಕ್ಕಂದಿನಿಂದ ನೋಡಿಕೊಂಡು ಬಂದದ್ದು. ದೊಡ್ಡಮ್ಮನಿಗೆ ಅದ್ಯಾವುದೂ ಗೊತ್ತಿಲ್ಲ. ಹುಳಕ್ಕೆ ರೋಗ ತಗಲಬಾರದು, ಮನೆಗೆ ಬಂದವರಿಗೆ ಕಾಲಿಗೆ ನೀರು ಕೊಡಬೇಕು. ಅವರಿಗೆ ಗೊತ್ತಿದ್ದದ್ದು ಅಷ್ಟೇ.

ಅವರೆಲ್ಲ ರಾತ್ರಿ ಒಂಬತ್ತರವರೆಗೆ ಹುಳ ಆರಿಸಿದರು. ಶುಭ ಶುಕ್ರವಾರ ಮಧ್ಯಾಹ್ನ ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳ ಆರಾಧನೆಗೆ ಮೂರು ಗಂಟೆ ಕೂತರು, ಭಾನುವಾರ ನಸುಕಿಗೆ ಎದ್ದು ಈಸ್ಟರ್ ಮಾಡಿದರು. ಮುಂದಿನ ವಾರ ಗೂಡು ಶಿಡ್ಲಘಟ್ಟ ಮಾರುಕಟ್ಟೆಗೆ ಹೋಯಿತು. ಒಳ್ಳೆ ರೇಟು ಸಿಕ್ಕಿತು ಅಂತ ದೊಡ್ಡಮ್ಮ ಫೋನ್ ಮಾಡಿ, ‘ಆ ಮಕ್ಕಳಿಗೆ ಹೇಳಪ್ಪ’ ಅಂದರು. ಹೇಳಿದೆ.

ಮುಂದಿನ ವರ್ಷವೂ ಹೋಗುತ್ತಾರಂತೆ. ಜನವರಿಯಿಂದಲೇ ಪಾಠ ಶುರು ಮಾಡೋಣ ಅಂತ ಮಾತಾಗಿದೆ. ನನ್ನ ಪಾಠದಲ್ಲಿ ಒಂದು ದೊಡ್ಡ ಕೊರತೆ ಇತ್ತು. ನಮ್ಮ ಗಡಿ ಕಡೆ ಮನೆಮನೆಯಲ್ಲಿ ತೆಲುಗು ಇದೆ ಅನ್ನುವುದನ್ನು ಹೇಳಿಕೊಡಲು ಮರೆತೆ. ಪಕ್ಕದ ಮನೆ ಅಜ್ಜಿ ‘ತಿನ್ನಾವಾ?’ (ತಿಂದೆಯಾ) ಅಂತ ಕೇಳಿದಾಗ ಪಾಪ ಹುಡುಗರು ನೋಟ್‌ಬುಕ್ ತೆಗೆದು ಹುಡುಕಿದರಂತೆ. ಸಂಘದಲ್ಲಿ ಬಾಗೇಪಲ್ಲಿ, ಚಿಂತಾಮಣಿ ಕಡೆಯವರು ಯಾರಾದರೂ ಇದ್ದರೆ ದಯವಿಟ್ಟು ಎರಡು ಶನಿವಾರ ನನಗೆ ಕೊಡಿ. ಕಾಫಿ, ತಿಂಡಿ ನಮ್ಮ ಮನೆಯಲ್ಲೇ.

ನಿಮ್ಮ
ಸಂಪಾದಕ