ಭಟ್ಟಿಯವರ ಕೂಲಿ ವಿಚಾರ

ಪ್ರೀತಿಯ ಅಳಿಯನಿಗೆ ಮಾವನ ಆಶೀರ್ವಾದಗಳು.

ನಿನ್ನೆ ನೀನು ಫೋನಿನಲ್ಲಿ ಹೇಳಿದ್ದು ರಾತ್ರಿಯೆಲ್ಲ ತಲೆಯಲ್ಲೇ ಇತ್ತು. ಕನಿಷ್ಠ ಕೂಲಿ ಏರಿದರೆ ಮಂಡಕ್ಕಿ ಭಟ್ಟಿ ನಡೆಸುವುದು ಕಷ್ಟ, ಇಬ್ಬರನ್ನು ಬಿಡಿಸಿ ಉಳಿದವರ ಕೈಯಲ್ಲೇ ಎಲ್ಲ ಮಾಡಿಸುತ್ತೇನೆ ಅಂದೆ. ಬೇಡ ಕಣಪ್ಪ.

ಕಷ್ಟ ಇಲ್ಲ ಅಂತ ನಾನು ಹೇಳುವುದಿಲ್ಲ. ಭತ್ತದ ರೇಟು ನಿನ್ನ ಕೈಯಲ್ಲಿಲ್ಲ, ಹೊಟ್ಟು ಸೌದೆಯ ರೇಟೂ ಇಲ್ಲ, ಹಿಡಿತಕ್ಕೆ ಸಿಗುವುದು ಕೂಲಿ ಒಂದೇ, ಅದಕ್ಕೇ ಎಲ್ಲರೂ ಮೊದಲು ಅಲ್ಲಿಗೇ ಕತ್ತರಿ ಹಾಕುತ್ತಾರೆ. ಆದರೆ ಆ ಒಲೆ ಮುಂದೆ ಒಂದು ಗಂಟೆ ನಿಂತು ನೋಡು. ಕಾದ ಮರಳಿಗೆ ಬಿದ್ದ ಅಕ್ಕಿ ಕಣ್ಣು ಮಿಟುಕಿಸುವಷ್ಟರಲ್ಲಿ ಅರಳುತ್ತದೆ, ಸ್ವಲ್ಪ ತಡವಾದರೆ ಸೀದು ಹೋಗುತ್ತದೆ. ಆ ಹದ ಬಲ್ಲವನು ಬಿಟ್ಟು ಹೋದರೆ ಎಷ್ಟು ಚೀಲ ಹಾಳಾಗುತ್ತದೆ, ಲೆಕ್ಕ ಹಾಕಿದ್ದೀಯಾ?

ಚೀಲಕ್ಕಿಷ್ಟು ಅಂತ ಕೊಡುತ್ತೇನೆ, ನನಗೆ ಕಾನೂನು ತಾಗಲ್ಲ ಅಂದೆಯಲ್ಲ, ಅದು ತಪ್ಪು. 1948ರ ಕನಿಷ್ಠ ಕೂಲಿ ಕಾಯ್ದೆಯಲ್ಲೇ ಚೀಲದ ಲೆಕ್ಕದವರಿಗೂ ಕನಿಷ್ಠ ಕೂಲಿ ಇತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯಲ್ಲೂ ಇದೆ. ಹೆಚ್ಚಿನ ಹೊತ್ತು ದುಡಿಸಿದರೆ ದುಪ್ಪಟ್ಟು ಕೊಡಬೇಕು. ಇಬ್ಬರನ್ನು ಬಿಡಿಸಿ ಉಳಿಸುವ ದುಡ್ಡು ಅಲ್ಲೇ ಹೋಗುತ್ತದೆ, ಅಲ್ವಾ?

ಈ ಕೂಲಿ ಸುಮ್ನೆ ಬರೆದ ಅಂಕಿಯಲ್ಲ. 1957ರ ಕಾರ್ಮಿಕ ಸಮ್ಮೇಳನದಲ್ಲಿ ದೊಡ್ಡವರೊಬ್ಬರಿಗೆ ದಿನಕ್ಕೆ 2700 ಕ್ಯಾಲೊರಿ ಊಟ, ಮನೆಗೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಸೌದೆ, ದೀಪ ಅಂತ ಲೆಕ್ಕ ಕಟ್ಟಿದರು. ಮಕ್ಕಳ ಓದು, ಔಷಧಿ, ಹಬ್ಬ, ಮುಪ್ಪಿಗೆ ಇನ್ನೂ ಶೇಕಡ 25 ಸೇರಬೇಕು ಅಂತ 1991ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇದರಲ್ಲಿ ಯಾವುದು ಜಾಸ್ತಿ ಅಂತ ತೆಗೆಯುತ್ತೀಯಾ?

ಕೂಲಿಗೆ ಎರಡು ಲೆಕ್ಕದ ಪುಸ್ತಕ ಇಡುವ ಯೋಚನೆ ಮಾತ್ರ ಮಾಡಲೇಬೇಡ. ನಾನು ಹುಡುಗನಾಗಿ ದುಡಿದ ಒಂದು ಕಡೆ ಬಟವಾಡೆ ದಿನ ಒಂದು ಮೊತ್ತಕ್ಕೆ ಹೆಬ್ಬೆಟ್ಟು ಒತ್ತಿಸಿ ಕೈಗೆ ಕಡಿಮೆ ಎಣಿಸುತ್ತಿದ್ದರು. ಹೆಬ್ಬೆರಳಿಗೆ ಮೆತ್ತಿದ ಆ ಶಾಯಿಯನ್ನು ನಲ್ಲಿ ಕೆಳಗೆ ಎಷ್ಟು ತಿಕ್ಕಿದ್ದೆನೋ, ನಿಮ್ಮಜ್ಜಿಗೆ ಹೇಳಲಿಲ್ಲ.

ಚೀಲದ ರೇಟು ಸ್ವಲ್ಪ ಏರಿಸು. ಪಕ್ಕದ ಭಟ್ಟಿಗೂ ಇದೇ ಕಾನೂನು. ನಮ್ಮ ದಾವಣಗೆರೆಯಲ್ಲಿ ಸಂಜೆ ಮಂಡಕ್ಕಿ ಮೆಣಸಿನಕಾಯಿ ತಿನ್ನುವವರು ಹಮಾಲರು, ಆಟೋದವರು, ಗಾರೆ ಕೆಲಸದವರೇ. ಅವರ ಜೇಬಿನಲ್ಲಿ ಕಾಸಿದ್ದರೆ ತಾನೇ ನಿನ್ನ ಚೀಲ ಖಾಲಿಯಾಗುವುದು.

ಮುಂದಿನ ಬಟವಾಡೆಗೆ ಬರುತ್ತೇನೆ, ಕೂತು ಲೆಕ್ಕ ನೋಡೋಣ. ಅಲ್ಲಿವರೆಗೆ ಆ ಇಬ್ಬರಿಗೆ ಏನೂ ಹೇಳಬೇಡ.

ನಿನ್ನ ಮಾವ